ಸೂಪರ್‌ಹೀರೊ ಕಾಮಿಕ್ಸ್ ಮತ್ತು ಒಂದು ರೂಲ್ಡ್ ಹಾಳೆ

ನಾನು ಸೂಪರ್‌ಹೀರೊ ಕಾಮಿಕ್ಸ್ ಓದುವ ಹೆಣ್ಣು. ಕಾಮಿಕ್ಸ್ ಓದುವ ಹುಡುಗರು “ಸಿನಿಮಾ ನೋಡಿ ಬಂದವಳು” ಅಂತಾರೆ. ಸ್ತ್ರೀವಾದಿ ಗೆಳತಿಯರು “ಮೈಗಂಟಿದ ಬಟ್ಟೆ ಹಾಕಿ ಹೆಣ್ಣನ್ನ ಕುಣಿಸೋ ಪುಸ್ತಕ ನಿನಗ್ಯಾಕೆ?” ಅಂತಾರೆ. ಮನೆಯಲ್ಲಿ “ಇನ್ನೂ ಮಕ್ಕಳ ಪುಸ್ತಕ ಬಿಟ್ಟಿಲ್ವೇನೇ?” ವಾದಕ್ಕೆ ಕೂತರೆ ಸಂಜೆ ಕಳೆಯುತ್ತೆ, ಯಾರ ಅಭಿಪ್ರಾಯವೂ ಅಲುಗಾಡಲ್ಲ. ಹಾಗಾಗಿ ಹಾಸನದಲ್ಲಿ ನಾವು ಕೆಲವರು ಸೇರಿ ಓದುವಾಗ ವಾದ ಕೈಬಿಟ್ಟು, ಈ ಕಥೆಗಳಲ್ಲಿ ಹೆಣ್ಣಿಗೆ ಎಷ್ಟು ಜಾಗ, ಏನು ಕೆಲಸ ಅಂತ ಎಣಿಸುತ್ತೇವೆ. ಪ್ಯಾನೆಲ್ (ಪುಟದಲ್ಲಿನ ಒಂದೊಂದು ಚೌಕಟ್ಟಿನ ಚಿತ್ರ) ಎಣಿಸಿದವರ ಹತ್ತಿರ ಹೇಳೋಕೆ ಏನೋ ಇರುತ್ತೆ. ಎಣಿಸದವರ ಹತ್ತಿರ ಅಭಿಪ್ರಾಯ ಮಾತ್ರ.

ಬೇಕಾಗುವುದು ರೂಲ್ಡ್ ಹಾಳೆ, ಸ್ಕೇಲು, ಪೆನ್ಸಿಲ್, ಇಬ್ಬರು ಓದುಗರು. ಈಗಿನ ಅಮೆರಿಕನ್ ಬಿಡಿ ಸಂಚಿಕೆಯಲ್ಲಿ ಕಥೆ ಸಾಮಾನ್ಯವಾಗಿ 20 ಪುಟ. ಪುಟಕ್ಕೆ ಐದಾರು ಪ್ಯಾನೆಲ್ ಅಂದರೆ ಒಟ್ಟು 100ರಿಂದ 120. ಒಂದು ಪ್ಯಾನೆಲ್‌ಗೆ ಒಂದು ಸಾಲು. ಮೊದಲ ಕಾಲಂನಲ್ಲಿ ಪುಟ ಮತ್ತು ಪ್ಯಾನೆಲ್ ಸಂಖ್ಯೆ, 7ನೇ ಪುಟದ ಮೂರನೆಯದಾದರೆ 7/3. ಎರಡನೆಯದರಲ್ಲಿ ಹೆಣ್ಣು ಚಿತ್ರದಲ್ಲಿ ಇದ್ದಾಳಾ ಅನ್ನೋದಕ್ಕೆ ಗೀಟು. ಮೂರನೆಯದರಲ್ಲಿ ಮಾತಿನ ಗುಳ್ಳೆ: ಅವಳವು ಎಷ್ಟು, ಗಂಡಸರವು ಎಷ್ಟು. ನಾಲ್ಕನೆಯದೇ ಮುಖ್ಯ. ಅವಳು ತಾನಾಗಿ ಏನಾದರೂ ಮಾಡಿದರೆ “ಮಾ”, ಅವಳಿಗೆ ಬೇರೆಯವರು ಏನಾದರೂ ಮಾಡಿದರೆ “ಆ”, ಸುಮ್ಮನೆ ನಿಂತಿದ್ದರೆ “ನಿ”. ಐದನೆಯದರಲ್ಲಿ, ತಲೆ ಚೌಕಟ್ಟಿನ ಆಚೆ ಹೋಗಿ ಮೈ ಮಾತ್ರ ಉಳಿದಿರುವ ಪ್ಯಾನೆಲ್‌ಗಳು. ಇದೇ ಐದನೇ ಕಾಲಂ ಗಂಡಸರಿಗೂ ತುಂಬಬೇಕು, ಇಲ್ಲದಿದ್ದರೆ ಹೋಲಿಸೋಕೆ ಏನೂ ಸಿಗಲ್ಲ.

ಇಬ್ಬರೂ ಬೇರೆ ಬೇರೆ ಕೂತು ತುಂಬಿ, ಆಮೇಲೆ ಹಾಳೆ ಪಕ್ಕಪಕ್ಕ ಇಡಬೇಕು. ತಾಳೆಯಾಗದ ಸಾಲುಗಳಲ್ಲೇ ನಿಜವಾದ ಚರ್ಚೆ ಇರೋದು. ಒಬ್ಬಳು “ಮಾ” ಅಂತ ಬರೆದದ್ದನ್ನು ಇನ್ನೊಬ್ಬಳು “ಆ” ಅಂತ ಬರೆದಿರುತ್ತಾಳೆ. ನಾಯಕಿ ಜಿಗಿದಳೋ, ಸ್ಫೋಟಕ್ಕೆ ಎಗರಿಬಿದ್ದಳೋ? ಚಿತ್ರ ನೋಡಿ ಹೇಳೋಕೆ ಆಗದಿದ್ದರೆ ಅದು ಬಿಡಿಸಿದವರ ಬಗ್ಗೆಯೇ ಒಂದು ಮಾಹಿತಿ.

ಎಣಿಕೆ ಎಲ್ಲಿ ದಾರಿ ತಪ್ಪಿಸುತ್ತೆ ಅನ್ನೋದು ಮೊದಲೇ ಗೊತ್ತಿರಲಿ. ಇಡೀ ಪುಟದ ಒಂದೇ ಚಿತ್ರ ಲೆಕ್ಕದಲ್ಲಿ ಒಂದು ಸಾಲು, ಕಣ್ಣಿಗೆ ಮಾತ್ರ ಆರು ಪ್ಯಾನೆಲ್‌ನಷ್ಟು ಭಾರ. ಅದರ ಸಾಲಿಗೆ ಸುತ್ತು ಹಾಕಿಡಿ. ಗುಂಪಿನ ಚಿತ್ರದಲ್ಲಿ ಹೆಸರಿಲ್ಲದ ಹೆಂಗಸರನ್ನೂ ಸೇರಿಸಿದರೆ ಅಂಕಿ ಸುಮ್ಮನೆ ಉಬ್ಬುತ್ತೆ, ಸೇರಿಸಬೇಡಿ. ಚೌಕಾಕಾರದ ನಿರೂಪಣೆಯ ಪೆಟ್ಟಿಗೆ ಯಾರ ಮನಸ್ಸಿನ ಮಾತೋ ಅವರ ಲೆಕ್ಕಕ್ಕೆ. ಇದನ್ನು ಬಿಟ್ಟರೆ ಒಬ್ಬಂಟಿ ನಾಯಕಿಯ ಕಥೆಯಲ್ಲಿ ಅವಳೇ ಮೂಗಿಯಾಗಿಬಿಡ್ತಾಳೆ. ಒಂದೇ ಸಂಚಿಕೆ ಎಣಿಸಿ ತೀರ್ಪು ಕೊಡೋದಂತೂ ಬೇಡವೇ ಬೇಡ, ಆ ತಿಂಗಳ ಕಥೆ ಖಳನ ಬಾಲ್ಯದ ಬಗ್ಗೆ ಇರಬಹುದು. ಐದಾರು ಸಂಚಿಕೆಯ ಒಂದು ಕಥಾಭಾಗ ಪೂರ್ತಿ ಬೇಕು. ಸಂಕಲನದ ಒಂದು ಸಂಪುಟದಲ್ಲಿ ಇರೋದು ಹೆಚ್ಚುಕಮ್ಮಿ ಅಷ್ಟೇ. ಆದ್ದರಿಂದ ಬಿಡಿ ಸಂಚಿಕೆಗಿಂತ ಸಂಪುಟ ತರಿಸೋದು ಎಣಿಕೆಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು.

ಬೆಕ್ಡೆಲ್ ಪರೀಕ್ಷೆ ಎಲ್ಲರಿಗೂ ಗೊತ್ತು: ಹೆಸರಿರುವ ಇಬ್ಬರು ಹೆಂಗಸರು, ಇಬ್ಬರೂ ಮಾತಾಡಬೇಕು, ಮಾತು ಗಂಡಸಿನ ಬಗ್ಗೆ ಇರಬಾರದು. ಇದು ಹುಟ್ಟಿದ್ದೇ ಕಾಮಿಕ್ಸ್‌ನಲ್ಲಿ, 1985ರಲ್ಲಿ ಆಲಿಸನ್ ಬೆಕ್ಡೆಲ್ ಅವರ ಒಂದು ಸ್ಟ್ರಿಪ್‌ನಲ್ಲಿ, ಅನ್ನೋದು ಅಷ್ಟಾಗಿ ಯಾರಿಗೂ ನೆನಪಿರಲ್ಲ. (ಅಲ್ಲಿ ಹೆಸರಿರಬೇಕು ಅನ್ನೋ ಷರತ್ತು ಇಲ್ಲ, ಅದು ಆಮೇಲೆ ಸೇರಿಕೊಂಡಿದ್ದು.) ಸೂಪರ್‌ಹೀರೊ ಪುಸ್ತಕಕ್ಕೆ ಇದು ಸ್ವಲ್ಪ ಮೊಂಡು ಕತ್ತಿ. ಲೇಖಕಿ ಕೆಲ್ಲಿ ಸ್ಯೂ ಡಿಕಾನಿಕ್ ಅವರ ದೀಪದ ಪರೀಕ್ಷೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತೆ: ಆ ಹೆಣ್ಣಿನ ಜಾಗದಲ್ಲಿ ಒಂದು ಚೆಂದದ ದೀಪ ಇಟ್ಟರೂ ಕಥೆ ನಡೆಯೋದಾದರೆ ಬರವಣಿಗೆ ಇನ್ನೊಂದು ಸಲ ಆಗಬೇಕು.

ಸಾವಿನ ವಿಷಯಕ್ಕೆ ಬೇರೆಯೇ ಹಾಳೆ ಇಡುತ್ತೇವೆ. 1994ರ ಗ್ರೀನ್ ಲ್ಯಾಂಟರ್ನ್ ಸರಣಿಯ 54ನೇ ಸಂಚಿಕೆಯಲ್ಲಿ ನಾಯಕ ಕೈಲ್ ರೇನರ್‌ನ ಗೆಳತಿ ಅಲೆಕ್ಸಾಂಡ್ರಾಳನ್ನು ಕೊಂದು ಫ್ರಿಡ್ಜಿಗೆ ತುಂಬಿದ್ದರು. ಇಂಥ ಹೆಣ್ಣು ಪಾತ್ರಗಳ ಪಟ್ಟಿಯನ್ನು 1999ರಲ್ಲಿ ಗೇಲ್ ಸಿಮೋನ್ ಮಾಡಿದರು. ಮುಂದೆ ಅವರೇ ಕಾಮಿಕ್ಸ್ ಬರೆಯೋಕೆ ಬಂದರು. ಇದನ್ನು ಹೇಳಿದ ಕೂಡಲೇ ಬರುವ ಉತ್ತರ, “ಗಂಡಸರೂ ಸಾಯ್ತಾರಲ್ಲ!” ಸಾಯ್ತಾರೆ, ಸರಿ. 1992ರಲ್ಲಿ ಸತ್ತ ಸೂಪರ್‌ಮ್ಯಾನ್ 1993ರಲ್ಲಿ ಎದ್ದು ಬಂದ. ಹಾಗಾಗಿ ಹಾಳೆಯಲ್ಲಿ “ಸತ್ತಳಾ” ಅನ್ನೋ ಕಾಲಂ ಇಲ್ಲ. ಸಾವಿನ ಆಮೇಲಿನ ಪುಟಗಳು ಯಾರವು, ವಾಪಸ್ ಬಂದಾಗ ಹಳೆಯ ಶಕ್ತಿ ಸಿಕ್ಕಿತಾ, ಅವಳಿಗೆ ತನ್ನ ನೋವಿನ ಬಗ್ಗೆ ಮಾತಾಡೋಕೆ ಎಷ್ಟು ಗುಳ್ಳೆ ಕೊಟ್ಟರು, ಇಷ್ಟೇ. ಬ್ಯಾಟ್‌ಗರ್ಲ್ ಆಗಿದ್ದ ಬಾರ್ಬರಾ ಗಾರ್ಡನ್ ವಿಷಯ ಈ ಹಾಳೆಗೆ ಅಷ್ಟು ಸುಲಭವಾಗಿ ಒಗ್ಗಲ್ಲ. 1988ರಲ್ಲಿ ಖಳ ಜೋಕರ್ ಅವಳಿಗೆ ಗುಂಡು ಹೊಡೆಯೋದು ಅಪ್ಪನಿಗೂ ಬ್ಯಾಟ್‌ಮ್ಯಾನ್‌ಗೂ ಹಿಂಸೆ ಕೊಡೋಕೆ. ಮರುವರ್ಷವೇ ಲೇಖಕರಾದ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಅವಳನ್ನು ಗಾಲಿಕುರ್ಚಿಯಲ್ಲಿ ಕೂತ ಒರಾಕಲ್ ಅನ್ನೋ ಪಾತ್ರವಾಗಿ ಮಾಡಿ, ಇಡೀ ಸೂಪರ್‌ಹೀರೊ ಲೋಕಕ್ಕೆ ಮಾಹಿತಿ ಕೊಡುವವಳನ್ನಾಗಿ ಬೆಳೆಸಿದರು. 2011ರಲ್ಲಿ ಅವಳನ್ನು ಮತ್ತೆ ನಡೆಸಿ ಬ್ಯಾಟ್‌ಗರ್ಲ್ ಮಾಡಿದಾಗ ಬೇಜಾರಾದವರಲ್ಲಿ ಅಂಗವಿಕಲ ಓದುಗರು ಮೊದಲಿಗರು. 1988ಕ್ಕೆ ನಿಲ್ಲಿಸಿದ ಹಾಳೆ ಒಂದು ಉತ್ತರ ಕೊಡುತ್ತೆ, 2011ರವರೆಗೆ ಎಳೆದದ್ದು ಇನ್ನೊಂದು.

ಇನ್ನು ಭಂಗಿ. ಇದಕ್ಕೆ ಹಾಳೆ ಬೇಡ, ನೆಲ ಬೇಕು. ಅನುಮಾನ ಬಂದ ಪ್ಯಾನೆಲ್‌ನ ಭಂಗಿಯಲ್ಲಿ ಒಬ್ಬರು ನಿಲ್ಲಬೇಕು, ಇನ್ನೊಬ್ಬರು ಮೊಬೈಲ್‌ನಲ್ಲಿ 10 ಸೆಕೆಂಡಿನ ಟೈಮರ್ ಇಟ್ಟು ಫೋಟೊ ತೆಗೀಬೇಕು. ಎದೆಯೂ ಹಿಂಭಾಗವೂ ಒಟ್ಟಿಗೆ ಓದುಗರ ಕಡೆಗೇ ಇರುವ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಸೊಂಟದ ಮಟ್ಟದಲ್ಲಿ ಬೆನ್ನುಮೂಳೆ ತಿರುಗೋದು ಕೆಲವೇ ಡಿಗ್ರಿ, ಮಿಕ್ಕ ತಿರುವೆಲ್ಲ ಎದೆಯ ಭಾಗದ್ದು. ಹಾಗಾಗಿ ಆ ಭಂಗಿ ಕೂಡಲ್ಲ. ಬಲವಂತವಾಗಿ ತಿರುಗಬೇಡಿ, ಸೊಂಟ ಹಿಡ್ಕೊಳ್ಳುತ್ತೆ. ಬೆನ್ನುನೋವು ಇರುವವರು ಚಿತ್ರಕಲೆಯವರು ಬಳಸುವ ಕೀಲುಗೊಂಬೆ ಇಟ್ಟುಕೊಂಡರೆ ಆಯ್ತು. ಎರಡನೇ ಹಂತ ಟ್ರೇಸಿಂಗ್. ಹಗಲು ಹೊತ್ತಲ್ಲಿ ಕಿಟಕಿ ಗಾಜಿಗೆ ಪುಟದ ಪ್ರಿಂಟ್ ಅಂಟಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, 2ಎಚ್ ಪೆನ್ಸಿಲ್‌ನಲ್ಲಿ ಭಂಗಿಯ ಗೆರೆ ಮಾತ್ರ ತೆಗೆದು, ಆ ಗೆರೆಯ ಮೇಲೆ ಗಂಡು ಹೀರೊನನ್ನು ಬಿಡಿಸೋದು. 2012ರಲ್ಲಿ ಹಾಕ್‌ಐ ಅನ್ನೋ ಬಿಲ್ಲುಗಾರ ಹೀರೊನನ್ನು ಹೀಗೇ ನಾಯಕಿಯರ ಭಂಗಿಗಳಲ್ಲಿ ನಿಲ್ಲಿಸುವ ಆಟ ಅಂತರ್ಜಾಲದಲ್ಲಿ ಜೋರಾಗಿ ನಡೆದಿತ್ತು. ಮೂಲದ ಮೈಕಟ್ಟನ್ನೂ ನಕಲು ಮಾಡಿದರೆ ಈ ಪ್ರಯೋಗ ಕೆಡುತ್ತೆ. ಭುಜ, ಸೊಂಟ, ಮಂಡಿ, ಪಾದ, ಇವುಗಳ ಕೋನ ಮಾತ್ರ ಇರಲಿ.

ಹಾಸನದಲ್ಲಿ ಈ ಹಂತಕ್ಕೆ ಬಂದ ಕೂಡಲೇ ಒಬ್ಬರಾದರೂ ಬೇಲೂರು ಎತ್ತುತ್ತಾರೆ. “ಶಿಲಾಬಾಲಿಕೆಯರು ಹಾಗೇ ಇಲ್ವಾ? ಅದು ಕಲೆ, ಇದು ಮಾತ್ರ ಅಶ್ಲೀಲವಾ?” ಒಳ್ಳೆಯ ಪ್ರಶ್ನೆ, ತಳ್ಳಿಹಾಕಬಾರದು. ಹೋಗಿ ನೋಡಿಯೇ ಉತ್ತರ ಹೇಳಬಹುದು, ಬಸ್ಸಿನಲ್ಲಿ ಸುಮಾರು 40 ಕಿ.ಮೀ. 1117ರ ಚೆನ್ನಕೇಶವ ದೇವಾಲಯದ ಆ ಮೂರ್ತಿಗಳ ತ್ರಿಭಂಗಿಯಲ್ಲಿ (ಮೂರು ಕಡೆ ಬಾಗಿದ ನಿಲುವು) ಮೈಭಾರ ಒಂದು ಕಾಲಿನ ಮೇಲೆ ನಿಂತಿರುತ್ತೆ. ತಲೆಯಿಂದ ತೂಕದ ದಾರ ಬಿಟ್ಟರೆ ಆ ಪಾದದ ಹತ್ತಿರವೇ ಬೀಳುತ್ತೆ. ಭರತನಾಟ್ಯ ಕಲಿತ ಹುಡುಗಿ ಆ ಭಂಗಿಯಲ್ಲಿ ಆರಾಮಾಗಿ ನಿಲ್ಲಬಲ್ಲಳು. ಕೈಯಲ್ಲಿ ಕೆಲಸವೂ ಇದೆ: ಒಬ್ಬಳು ಕನ್ನಡಿ ನೋಡ್ತಾಳೆ, ಒಬ್ಬಳು ಗಿಳಿ ಮಾತಾಡಿಸ್ತಾಳೆ, ಇನ್ನೊಬ್ಬಳು ಬಿಲ್ಲು ಹಿಡಿದ ಬೇಟೆಗಾತಿ. ಅವರನ್ನೂ ನೋಡುವವರ ಕಣ್ಣಿಗಾಗಿಯೇ ಕೆತ್ತಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡಿ ನೋಡುವವಳು ಅಲಂಕಾರದ ಭಂಗಿಯಲ್ಲಿ ಇರೋದು ಸಹಜ. ಕುಸಿಯುವ ಕಟ್ಟಡದಿಂದ ಮಗುವನ್ನು ಎತ್ತಿಕೊಂಡು ಓಡುವವಳು ಅದೇ ಭಂಗಿಯಲ್ಲಿ ಇದ್ದರೆ ಕಥೆ ನಿಂತುಹೋಗುತ್ತೆ. ನನ್ನ ತಕರಾರು ಮೈ ತೋರಿಸಿದ್ದಕ್ಕಿಂತ ಹೆಚ್ಚಾಗಿ ಈ ಕಥೆ ನಿಲ್ಲಿಸಿದ್ದಕ್ಕೆ.

“ಹಾಗಾದರೆ ಇಂಥವನ್ನೆಲ್ಲ ನಿಷೇಧಿಸಬೇಕು” ಅನ್ನುವವರಿಗೆ ಅಮೆರಿಕದ ಪ್ರಕಾಶಕರು ತಾವೇ ಹಾಕಿಕೊಂಡ ನಿಯಮಾವಳಿ, 1954ರ ಕಾಮಿಕ್ಸ್ ಕೋಡ್ ತೋರಿಸುತ್ತೇವೆ. ಹೆಂಗಸರ ಮೈಯನ್ನು ಉತ್ಪ್ರೇಕ್ಷೆ ಮಾಡಿ ಬಿಡಿಸಬಾರದು ಅಂತ ಅದರಲ್ಲಿ ಬರೆದೇ ಇತ್ತು. ಪ್ರೇಮಕಥೆಗಳು ಮನೆಯ ಮೌಲ್ಯವನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕು ಅಂತ ಕೂಡ ಅದೇ ಕೋಡ್‌ನಲ್ಲಿತ್ತು.

ಪ್ರಶ್ನೆಪತ್ರಿಕೆ ಹಿಡಿದು ಬರುವವರದ್ದು ಬೇರೆ ಕಥೆ. “ಫ್ಯಾನಾ? ಹಾಗಾದ್ರೆ ಭೂಮಿಯ ಗ್ರೀನ್ ಲ್ಯಾಂಟರ್ನ್‌ಗಳ ಹೆಸರು ಹೇಳು ನೋಡೋಣ.” (ಆ ಬಿರುದು ಹೊತ್ತ ಹೀರೊಗಳು ಹಲವರು.) ಉತ್ತರ ಹೇಳಿದರೆ ಇನ್ನೂ ಕಷ್ಟದ ಪ್ರಶ್ನೆ ಬರುತ್ತೆ, ಹೇಳದಿದ್ದರೆ ಫೇಲು. ನಾವು ಹೊಸಬರಿಗೆ ಹೇಳಿಕೊಡೋದು ಇಷ್ಟು: ಉತ್ತರ ಕೊಡಬೇಡಿ, “ನಿಮಗೆ ಯಾವ ಲೇಖಕರ ಕಥೆ ಇಷ್ಟ, ಯಾಕೆ?” ಅಂತ ಕೇಳಿ. ನಿಜವಾಗಿ ಓದಿದವರು ಅರ್ಧ ಗಂಟೆ ಖುಷಿಯಾಗಿ ಮಾತಾಡ್ತಾರೆ, ನಮಗೂ ಲಾಭ. ಬರೀ ಪಟ್ಟಿ ಬಾಯಿಪಾಠ ಮಾಡಿದವರು ಅಲ್ಲೇ ನಿಲ್ತಾರೆ. “ಇದು ಮೊದಲಿಂದ ಗಂಡಸರ ಲೋಕ” ಅನ್ನುವವರಿಗೆ ಮಾತ್ರ ಇಸವಿ ಹೇಳಬೇಕು. ಟಾರ್ಪೆ ಮಿಲ್ಸ್ ಅನ್ನೋ ಕಲಾವಿದೆ ಬಿಡಿಸಿದ ನಾಯಕಿ ಮಿಸ್ ಫ್ಯೂರಿಯ ಸ್ಟ್ರಿಪ್ 1941ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಶುರುವಾಯ್ತು, ಅಂದರೆ ವಂಡರ್ ವುಮನ್‌ಗಿಂತ ತಿಂಗಳುಗಳ ಮುಂಚೆ. ಹೆಣ್ಣು ಅಂತ ಗೊತ್ತಾಗದಿರಲಿ ಅಂತಲೇ ಆಕೆ ಜೂನ್ ಅನ್ನೋ ಮೊದಲ ಹೆಸರು ಬಿಟ್ಟು ಸಹಿ ಹಾಕುತ್ತಿದ್ದರು. ರಮೋನಾ ಫ್ರೇಡನ್ 1950ರ ದಶಕದಲ್ಲಿ ಆಕ್ವಾಮ್ಯಾನ್ ಬಿಡಿಸುತ್ತಿದ್ದರು. 1976ರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪುಸ್ತಕ ತರುವ ಡಿಸಿ ಕಾಮಿಕ್ಸ್‌ನ ಪ್ರಕಾಶಕಿಯಾಗಿ ಜೆನೆಟ್ ಕಾನ್ ಬಂದಾಗ ಆಕೆಗೆ 28 ವರ್ಷ.

ಸ್ತ್ರೀವಾದಿ ಗೆಳತಿಯರಿಗೆ ವಂಡರ್ ವುಮನ್ ಚರಿತ್ರೆಯನ್ನು ಮುಚ್ಚುಮರೆಯಿಲ್ಲದೆ ಹೇಳೋದೇ ಒಳ್ಳೆಯದು. ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ 1941ರಲ್ಲಿ ಅವಳನ್ನು ಹೆಣ್ಣಿನ ಶಕ್ತಿಯ ಪ್ರಚಾರಕ್ಕೆ ಅಂತಲೇ ಸೃಷ್ಟಿಸಿದರು. ಆ ಕಾಲದ ಕಥೆಗಳ ತುಂಬ ಹಗ್ಗ, ಸರಪಳಿ, ಕಟ್ಟಿಹಾಕೋದು. 1942ರಲ್ಲಿ ಬೇರೊಬ್ಬ ಲೇಖಕರ ಕೈಯಲ್ಲಿ ಅವಳು ಹೀರೊಗಳ ಸಂಘ ಸೇರಿದಾಗ ಸಿಕ್ಕ ಹುದ್ದೆ ಸೆಕ್ರೆಟರಿ. 1968ರಲ್ಲಿ ಶಕ್ತಿಯನ್ನೆಲ್ಲ ತ್ಯಜಿಸಿ ಬಟ್ಟೆ ಅಂಗಡಿ ಇಟ್ಟಳು. 1972ರಲ್ಲಿ ಸ್ತ್ರೀವಾದಿ ಗ್ಲೋರಿಯಾ ಸ್ಟೈನಮ್ ಅವರ ‘ಮಿಸ್’ ಪತ್ರಿಕೆ ಹಳೆಯ ವೇಷದ ವಂಡರ್ ವುಮನ್‌ಳನ್ನು ಮುಖಪುಟಕ್ಕೆ ತಂದಿತು. 1973ರ ಹೊತ್ತಿಗೆ ಶಕ್ತಿ ವಾಪಸ್. ಇಲ್ಲಿಯವರೆಗೆ ಎಲ್ಲರಿಗೂ ಖುಷಿ. ಆದರೆ ಆಗಷ್ಟೇ ಲೇಖಕ ಸ್ಯಾಮ್ಯುಯೆಲ್ ಡೆಲನಿ ಅವಳ ಸರಣಿಗೆ ಹೆಂಗಸರ ಕೂಲಿಯ ಬಗ್ಗೆ ಒಂದು ಸಂಚಿಕೆ ಬರೆದಿದ್ದರು, ಅದರ ಮುಂದಿನ ಭಾಗಗಳೂ ಯೋಜನೆಯಲ್ಲಿದ್ದವು. ಹಳೆಯ ವೇಷ ಮರಳಿದ್ದರಿಂದ ಆ ಕಥೆ ನಿಂತುಹೋಯಿತು ಅಂತ ಡೆಲನಿಯವರೇ ಹೇಳಿದ್ದಾರೆ. ಸ್ತ್ರೀವಾದಿ ಅಭಿಯಾನ ಸ್ತ್ರೀವಾದಿ ಕಥೆಯೊಂದಕ್ಕೆ ಅಡ್ಡ ಬಂದ ಈ ಪ್ರಸಂಗ ಹೇಳಿದಷ್ಟು ಚೆನ್ನಾಗಿ ನಮ್ಮ ಮಾತನ್ನು ಬೇರೆ ಯಾವುದೂ ಕೇಳಿಸಿಲ್ಲ.

ಕನ್ನಡದಲ್ಲೇ ಎಣಿಸಬೇಕು ಅನ್ನುವವರಿಗೆ ಇಂದ್ರಜಾಲ ಕಾಮಿಕ್ಸ್ ಇದೆ. 1964ರಿಂದ 1990ರವರೆಗೆ ನಡೆದ ಸರಣಿ, ಕನ್ನಡದಲ್ಲೂ ಬರುತ್ತಿತ್ತು. ಅದರ ನಾಯಕ ಫ್ಯಾಂಟಮ್‌ನ ಪ್ರೇಯಸಿ ಡಯಾನಾ ಪಾಮರ್‌ಗೆ ವಿಶ್ವಸಂಸ್ಥೆಯಲ್ಲಿ ಉದ್ಯೋಗ; ಆದರೂ ನಾಲ್ಕನೇ ಕಾಲಂನಲ್ಲಿ “ಆ” ಎಷ್ಟು ಬರುತ್ತೆ ನೀವೇ ನೋಡಿ. ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಿಂದ ಬರುವ ಹಳೆಯ ಪ್ರತಿಗಳ ಪಿನ್ನು ಮಳೆಗಾಲದ ತೇವಕ್ಕೆ ತುಕ್ಕು ಹಿಡಿದಿರುತ್ತೆ, ಪುಟ ಬಲವಾಗಿ ಬಿಡಿಸಿದರೆ ಮಧ್ಯದ ಹಾಳೆ ಕಿತ್ತು ಬರುತ್ತೆ. ಫೋಟೊ ತೆಗೆದುಕೊಂಡು ಅದರಲ್ಲಿ ಎಣಿಸಿ.

ಮನೆಯವರಿಗೆ ಓದಿ ಹೇಳೋಕೆ 2014ರ ಮಿಸ್ ಮಾರ್ವೆಲ್ ಮೊದಲ ಸಂಪುಟ. ಜಿ. ವಿಲೋ ವಿಲ್ಸನ್ ಬರೆದದ್ದು, ಏಡ್ರಿಯನ್ ಆಲ್ಫೋನಾ ಬಿಡಿಸಿದ್ದು, 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಜರ್ಸಿ ಸಿಟಿಯ ಮುಸ್ಲಿಂ ಹುಡುಗಿ ಕಮಲಾ ಖಾನ್, ಪಾರ್ಟಿಗೆ ಬಿಡದ ಅಪ್ಪ ಅಮ್ಮ, ಬುರ್ಕಿನಿಯಿಂದ (ಮೈಮುಚ್ಚುವ ಈಜುಡುಗೆ) ಹೊಲಿದ ವೇಷ. ಒಬ್ಬರು ಪುಸ್ತಕವನ್ನು ಕೇಳುವವರ ಕಡೆ ತಿರುಗಿಸಿ ಹಿಡೀಬೇಕು. ಮೊದಲು ಚಿತ್ರ ನೋಡೋಕೆ ಬಿಟ್ಟು, ಆಮೇಲೆ ಎಡ ಮೇಲ್ಗಡೆಯ ಗುಳ್ಳೆಯಿಂದ ಕನ್ನಡದಲ್ಲಿ ಹೇಳುತ್ತ ಹೋಗೋದು. ಅಮ್ಮಿ, ಅಬ್ಬು ಹಾಗೇ ಇರಲಿ. ಹೊಡೆತದ ಸದ್ದುಗಳನ್ನು ಅನುವಾದಿಸೋಕೆ ಹೋಗಬೇಡಿ, ಕೇಳುವವರು ಓದಿಕೊಳ್ತಾರೆ. ಒಂದು ಸಂಚಿಕೆಗಿಂತ ಹೆಚ್ಚು ಒಂದೇ ಸಲಕ್ಕೆ ಬೇಡ, ಗಂಟಲು ಒಣಗುತ್ತೆ.

ನಮ್ಮ ಹಾಳೆಗೆ ಆರನೇ ಕಾಲಂ ಬಂದದ್ದು ಇಂಥ ಓದಿನಿಂದಲೇ, ಅಮ್ಮಂದಿರ ಕಡೆಯಿಂದ: ಮನೆಗೆಲಸ ಯಾರದು? ಅಡುಗೆ, ಹೊಲಿಗೆ, ಗಾಯಕ್ಕೆ ಪಟ್ಟಿ ಕಟ್ಟೋದು, ಒಡೆದ ಗಾಜು ಗುಡಿಸೋದು. ಸಂಬಳಕ್ಕೆ ಮಾಡಿದರೆ “ಸಂ”, ಸುಮ್ಮನೆ ಮಾಡಿದರೆ “ಸು”. ಬ್ಯಾಟ್‌ಮ್ಯಾನ್ ಪುಸ್ತಕದಲ್ಲಿ ಈ ಕಾಲಂ ತುಂಬ ಅವನ ಮನೆಯ ಬಟ್ಲರ್ ಆಲ್ಫ್ರೆಡ್, ಎಲ್ಲವೂ “ಸಂ”. ಸ್ಪೈಡರ್‌ಮ್ಯಾನ್‌ನಲ್ಲಿ ನಾಯಕ ಪೀಟರ್ ತನ್ನ ವೇಷ ತಾನೇ ಹೊಲಿದುಕೊಳ್ಳುತ್ತಾನೆ, ಅದು “ಸು”. ಅವನನ್ನು ಸಾಕಿದ ಮೇ ಚಿಕ್ಕಮ್ಮ ಊಟಕ್ಕೆ ಕರೆಯೋದನ್ನು ಎಲ್ಲಿ ಸೇರಿಸಬೇಕು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಊಟ ಚಿತ್ರದಲ್ಲಿ ಕಂಡರೆ ಮಾತ್ರ “ಸು” ಅನ್ನೋದು ಸದ್ಯದ ನಿಯಮ.