ದಾವಣಗೆರೆ ಬಿಡದೆ ಸಿಎ ಫೈನಲ್: ನನ್ನ ಅನುಭವ

ಬೆಂಗಳೂರಿನ ದೊಡ್ಡ ಆಫೀಸಲ್ಲಿ ಆರ್ಟಿಕಲ್‌ಶಿಪ್ (ಸಿಎ ಒಬ್ಬರ ಕೈಕೆಳಗಿನ ತರಬೇತಿ) ಮಾಡದವರಿಗೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ಕೊನೆಯ ಪರೀಕ್ಷೆಯಾದ ಫೈನಲ್ ದಕ್ಕಲ್ಲ, ಅದರಲ್ಲೂ ಮೂರು ಮೂರು ಪೇಪರಿನ ಎರಡೂ ಗ್ರೂಪ್ ಒಟ್ಟಿಗೆ ಕಟ್ಟಿದರೆ ಕಥೆ ಮುಗಿದಂತೆ ಅಂದವರೇ ಹೆಚ್ಚು. ನನ್ನ ಆರ್ಟಿಕಲ್‌ಶಿಪ್ಪೂ, ಎರಡೂ ಗ್ರೂಪ್ ಒಟ್ಟಿಗೆ ಕಟ್ಟಿ ಪಾಸಾದದ್ದೂ ದಾವಣಗೆರೆಯಲ್ಲೇ ಆದವು.

ಒಂದೊಂದೇ ಗ್ರೂಪ್ ಕಟ್ಟುವಾಗ ಪೇಪರಿಗೆ 40 ದಾಟುವುದು ಕಷ್ಟವಿರಲಿಲ್ಲ; ಮುಳುವಾದದ್ದು ಗ್ರೂಪಿಗೆ ಒಟ್ಟು ಬೇಕಾದ 150. ಹೆಚ್ಚುಕಮ್ಮಿ ಎಫ್‌ಆರ್ (ಫೈನಾನ್ಷಿಯಲ್ ರಿಪೋರ್ಟಿಂಗ್) 43, ಎಎಫ್‌ಎಂ (ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್) 54, ಆಡಿಟ್ 46. ಒಟ್ಟು 143, ಗ್ರೂಪ್ ಫೇಲು. ಅದೇ ಅಂಕಕ್ಕೆ ಟ್ಯಾಕ್ಸ್ ಪೇಪರುಗಳಿರುವ ಎರಡನೇ ಗ್ರೂಪಿನ 160 ಸೇರಿದರೆ 600ಕ್ಕೆ 303, ಎರಡೂ ಪಾಸು. ಟ್ಯಾಕ್ಸ್‌ನಲ್ಲಿ ಕೈ ಗಟ್ಟಿಯಿದ್ದವರು ಒಟ್ಟಿಗೇ ಕಟ್ಟಿ. ಪೇಪರ್ ಕೆಟ್ಟಿತೆಂದು ಮುಂದಿನದಕ್ಕೆ ಗೈರಾಗಬೇಡಿ. ಗ್ರೂಪಿನ ಎಲ್ಲ ಪೇಪರಿಗೂ ಕೂತಿದ್ದರೆ ಮಾತ್ರ 60ರ ಎಕ್ಸೆಂಪ್ಷನ್ (60 ಬಂದ ಪೇಪರನ್ನು ಮತ್ತೆ ಬರೆಯಬೇಕಿಲ್ಲ), ಮುಂದಿನ ಮೂರು ಅಟೆಂಪ್ಟ್‌ಗೆ. ಆ ಅಂಕ ಒಟ್ಟು ಲೆಕ್ಕಕ್ಕೂ ಬರುತ್ತೆ: ಒಂದರಲ್ಲಿ 70 ಇದ್ದರೆ ಉಳಿದೆರಡರಲ್ಲಿ 40, 40 ಸಾಕು.

ಟ್ಯಾಕ್ಸ್ ಕಲಿಸಿದ್ದು ಎಪಿಎಂಸಿ ಫೈಲುಗಳು. ರೈತರಿಂದ ಹತ್ತಿ ಕೊಂಡರೆ ಆರ್‌ಸಿಎಂ (ಜಿಎಸ್‌ಟಿಯನ್ನು ಕೊಂಡವರೇ ಕಟ್ಟುವುದು), ಮೆಕ್ಕೆಜೋಳಕ್ಕೆ ಇಲ್ಲ. ದಲ್ಲಾಳಿ ಮಂಡಿಯಲ್ಲಿ ನಗದು ವ್ಯವಹಾರ 5% ದಾಟಿದರೆ ಟ್ಯಾಕ್ಸ್ ಆಡಿಟ್‌ನ 10 ಕೋಟಿ ವಹಿವಾಟಿನ ಮಿತಿ ಹೋಗಿ 1 ಕೋಟಿಗೆ ಇಳಿಯುತ್ತೆ. ಬೆಂಗಳೂರಿನಲ್ಲಿ ವೋಚರ್ ಮಾತ್ರ ಟಿಕ್ ಮಾಡಿದವರಿಗೆ ಇದು ಪುಸ್ತಕದ ಸಾಲು.

ಆರನೇ ಪೇಪರ್ ಓಪನ್ ಬುಕ್. ಮೊದಲು ಪುಸ್ತಕದ ಗಂಟನ್ನೇ ಹೊತ್ತೊಯ್ದು ನೋಡಿದ್ದಾಯಿತು. ಹುಡುಕುವುದರಲ್ಲೇ ಸಮಯ ಹೋಯಿತು. ಬಣ್ಣದ ಚೀಟಿ ಅಂಟಿಸಿದ ಮೇಲೆ ಹಾದಿಗೆ ಬಂತು. ಯಾವ ಬಣ್ಣ ಯಾವುದಕ್ಕೆ ಅನ್ನೋದು ನನ್ನಲ್ಲೇ ಇರಲಿ.

ದುಡ್ಡು: ಫೈನಲ್ ರಿಜಿಸ್ಟ್ರೇಷನ್ 22 ಸಾವಿರದ ಆಸುಪಾಸು, ಎರಡೂ ಗ್ರೂಪಿನ ಪರೀಕ್ಷೆ ಫೀ 3,300, ಐಟಿ ಮತ್ತು ಓರಿಯೆಂಟೇಷನ್ ತರಬೇತಿ ಸೇರಿ 13-14 ಸಾವಿರ. ಆರ್ಟಿಕಲ್‌ಶಿಪ್‌ನಲ್ಲಿ ಸಿಗುವ ಸ್ಟೈಪೆಂಡ್ ನಂಬಿ ಕೂರಬೇಡಿ. ಊರಿನ ಜನಸಂಖ್ಯೆ ನೋಡಿ ದರ. 4 ಲಕ್ಷದೊಳಗಿನ ಚಿತ್ರದುರ್ಗಕ್ಕೆ ದಾವಣಗೆರೆಗಿಂತ ಕಡಿಮೆ.

ನನ್ನದು ಹಳೆಯ ಮೂರು ವರ್ಷದ ಆರ್ಟಿಕಲ್‌ಶಿಪ್. ಈಗ ಎರಡೇ ವರ್ಷ, ಆದರೆ ಸೇರುವ ಮೊದಲು ಇಂಟರ್‌ನ (ಫೈನಲ್‌ಗೆ ಹಿಂದಿನ ಹಂತದ ಪರೀಕ್ಷೆ) ಎರಡೂ ಗ್ರೂಪ್ ಮುಗಿದಿರಬೇಕು. ವರ್ಷಕ್ಕೆ ರಜೆ 12 ದಿನ, ಮೀರಿದ್ದನ್ನು ಕೊನೆಗೆ ತುಂಬಬೇಕು. ಆರ್ಟಿಕಲ್‌ಶಿಪ್ ಮುಗಿದು ಆರು ತಿಂಗಳಾಗದೆ ಫೈನಲ್ ಇಲ್ಲ; ಆ ಆರು ತಿಂಗಳಿಗೆ ಕೈಯಲ್ಲಿ ಊಟದ ಖರ್ಚು ಇಟ್ಟುಕೊಂಡಿರಿ. ಫೈನಲ್‌ಗೆ ಮೊದಲು ಆನ್‌ಲೈನ್‌ನಲ್ಲಿ ಪಾಸಾಗಬೇಕಾದ ಸೆಲ್ಫ್-ಪೇಸ್ಡ್ ಮಾಡ್ಯೂಲ್‌ಗಳನ್ನು ಆ ಆರು ತಿಂಗಳಿಗೂ ಮೊದಲೇ, ಆಡಿಟ್ ಸೀಸನ್ ಇಲ್ಲದ ತಿಂಗಳಲ್ಲಿ ಮುಗಿಸಿ.