ಹ್ಯಾಲೋವೀನ್ ಸಂಜೆಗೆ ಆಟಿಸಂ ಇರುವ ಪುಟ್ಟ ಮಕ್ಕಳನ್ನು ಅಣಿಗೊಳಿಸುವ ಬಗೆ

ವರ್ಷವಿಡೀ ಕಲಿಸಿದ್ದೆಲ್ಲ ಅಕ್ಟೋಬರ್ 31ರ ಸಂಜೆ, ಮಕ್ಕಳು ವೇಷ ತೊಟ್ಟು ಕ್ಯಾಂಡಿ ಕೇಳಲು ಹೊರಡುವ ಹ್ಯಾಲೋವೀನ್ ಹಬ್ಬದಂದು, ತಿರುಗುಮುರುಗಾಗುತ್ತದೆ. ಗುರುತಿಲ್ಲದವರು ಕೊಟ್ಟಿದ್ದನ್ನು ಮುಟ್ಟಬೇಡ ಅಂದವರೇ ಮನೆಮನೆಗೆ ಹೋಗಿ ಕ್ಯಾಂಡಿ ಕೇಳು ಅನ್ನುತ್ತೇವೆ. ಹೇಳಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಮಗುವಿಗೆ ದೆವ್ವದ ಮುಖವಾಡಕ್ಕಿಂತ ಇದೇ ದೊಡ್ಡ ಗೊಂದಲ. ಅದಕ್ಕೇ ಮೂರರಿಂದ ಆರು ವರ್ಷದವರ ಜೊತೆ ನಾವು ಮೊದಲು ಕೂರುವುದು ಈ ಒಂದು ಸಂಜೆಯ ನಿಯಮಗಳನ್ನು ಹೇಳಿಕೊಡಲು.

ಎರಡು ವಾರ ಮುಂಚೆ ಆರೆಂಟು ಪುಟದ ಸೋಶಿಯಲ್ ಸ್ಟೋರಿ, ಅಂದರೆ ಆ ಸಂಜೆ ಏನೇನು ನಡೆಯುತ್ತದೆ ಎಂದು ಮಗುವಿಗೆ ಮೊದಲೇ ಹೇಳುವ ಪುಟ್ಟ ಚಿತ್ರಕಥೆ, ಮಾಡಿಕೊಳ್ಳುತ್ತೇವೆ. ಪುಟಕ್ಕೊಂದು ಫೋಟೊ, ಒಂದೇ ವಾಕ್ಯ. ಮಗು ನಿಜಕ್ಕೂ ಹೋಗಲಿರುವ ಬಾಗಿಲುಗಳದ್ದೇ ಫೋಟೊ ಇರಲಿ. "ಅಮ್ಮ ಜೊತೆಗಿದ್ದರೆ ಮಾತ್ರ ಕ್ಯಾಂಡಿ ತಗೊಳ್ಳಬಹುದು", "ಕೆಲವು ಬಾಗಿಲು ತೆರೆಯುವುದಿಲ್ಲ, ಆಗ ಮುಂದೆ ಹೋಗುತ್ತೇವೆ" ಎಂಬ ಪುಟಗಳು ಇರಲೇಬೇಕು. "ನಿನಗೆ ತುಂಬ ಖುಷಿಯಾಗುತ್ತದೆ" ಎಂದು ಬರೆಯಬೇಡಿ. ಖುಷಿಯಾಗದಿದ್ದರೆ ಇಡೀ ಕಥೆಯ ಮೇಲಿನ ನಂಬಿಕೆ ಹೋಗುತ್ತದೆ.

ವೇಷ ಕೈಕೊಡುವುದು ಸಾಮಾನ್ಯವಾಗಿ ಕುತ್ತಿಗೆ, ಸೊಂಟ, ಕಂಕುಳ ಹತ್ತಿರ. ಅಂಗಡಿಯ ಪಾಲಿಯೆಸ್ಟರ್ ಉಡುಪಿನ ಒಳಹೊಲಿಗೆ ಗರಗಸದಂತೆ ಕೆರೆಯುತ್ತದೆ. ಲೇಬಲ್ ಕತ್ತರಿಸಿದರೆ ಅದರ ಮೊಂಡು ತುದಿ ಇನ್ನೂ ಚುಚ್ಚುತ್ತದೆ. ಲೇಬಲ್ಲಿನ ಹೊಲಿಗೆಯನ್ನೇ ಬಿಚ್ಚಿ ಅದನ್ನು ಪೂರ್ತಿ ತೆಗೆಯಿರಿ. ವಾಸನೆಯಿಲ್ಲದ ಸೋಪಿನಲ್ಲಿ ಎರಡು ಮೂರು ಸಲ ಒಗೆದು, ಒಳಗೆ ಹಳೆಯ ಹತ್ತಿ ಟೀಶರ್ಟ್, ಲೆಗಿಂಗ್ಸ್ ಹಾಕಿಸಿ. ಮುಖವಾಡ, ಮುಖದ ಬಣ್ಣ ಬೇಡವೇ ಬೇಡ. ವೇಷವನ್ನು ಮೊದಲ ದಿನ ಒಂದು ನಿಮಿಷ ತೊಟ್ಟರೆ ಸಾಕು, ಆಮೇಲೆ ಐದು, ಹದಿನೈದು. ಯಾವುದಕ್ಕೂ ಒಪ್ಪದಿದ್ದರೆ ಇಷ್ಟದ ಚಿತ್ರವಿರುವ ದಿನನಿತ್ಯದ ಟೀಶರ್ಟೇ ವೇಷ. ವೇಷವಿಲ್ಲದಿದ್ದರೆ ಕ್ಯಾಂಡಿ ಇಲ್ಲ ಅಂತ ಸಾಮಾನ್ಯವಾಗಿ ಯಾರೂ ವಾಪಸ್ ಕಳಿಸುವುದಿಲ್ಲ.

ಹೆಚ್ಚು ಸಮಯ ಬೇಡುವುದು ಹೊಸ್ತಿಲ ಅಭ್ಯಾಸ. ಬಾಗಿಲು ತೆರೆದ ಕೂಡಲೇ ಮಗು ಸೀದಾ ಒಳಗೆ ನಡೆದುಬಿಡುತ್ತದೆ. ಇದು ತುಂಟತನವಲ್ಲ, ಉಳಿದೆಲ್ಲ ದಿನ ಬಾಗಿಲು ತೆರೆದರೆ ಒಳಗೆ ಹೋಗು ಎಂದೇ ಅರ್ಥ. ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ "ಕಾಲು ಇಲ್ಲಿ" ಎಂದು ತೋರಿಸಿ. ಮೊದಲು ಮಲಗುವ ಕೋಣೆಯ ಬಾಗಿಲಲ್ಲಿ, ಆಮೇಲೆ ಮುಂಬಾಗಿಲಲ್ಲಿ, ಕೊನೆಗೆ ಪಕ್ಕದವರ ಮನೆಯಲ್ಲಿ. ತಟ್ಟುವುದು, ಬಕೆಟ್ ಮುಂದೆ ಹಿಡಿಯುವುದು, ಕೇಳುವುದು, ಒಂದೇ ಒಂದು ತೆಗೆದುಕೊಳ್ಳುವುದು, ತಿರುಗುವುದು: ಈ ಐದನ್ನು ಹಿಂದಿನಿಂದ ಕಲಿಸುತ್ತೇವೆ. ಅಂದರೆ ನಾಲ್ಕಕ್ಕೆ ನಾವು ಕೈಹಿಡಿದು, ಕೊನೆಯ "ತಿರುಗು" ಮಾತ್ರ ಮಗುವೇ ಮಾಡಲಿ. ಅದು ಬಂದ ಮೇಲೆ ಅದರ ಹಿಂದಿನದು. ಹೀಗಾದರೆ ಪ್ರತಿ ಸಲವೂ ಮಗು ತಾನೇ ಮುಗಿಸಿದಂತಾಗುತ್ತದೆ.

ಮಾತಾಡದ ಮಗುವಿಗೆ ಬಕೆಟ್ಟಿನ ಮುಂಭಾಗಕ್ಕೆ "ಟ್ರಿಕ್ ಆರ್ ಟ್ರೀಟ್" (ಬಾಗಿಲಲ್ಲಿ ಕ್ಯಾಂಡಿ ಕೇಳಲು ಮಕ್ಕಳು ಹೇಳುವ ಮಾತು) ಎಂಬ ಕಾರ್ಡ್ ಅಂಟಿಸಿ, ಇಲ್ಲವೇ ಒತ್ತಿದರೆ ಮಾತು ಹೇಳುವ ಗುಂಡಿ ಕೊಡಿ. ಆಟಿಸಂ ಇದೆಯೆಂದು ತಿಳಿಸಲು ಕೆಲವರು ನೀಲಿ ಬಕೆಟ್ ಹಿಡಿಸುತ್ತಾರೆ. ಅದು ಮನೆಯವರ ಇಷ್ಟ. ಆದರೆ ಎಲ್ಲರಿಗೂ ಅದರ ಅರ್ಥ ಗೊತ್ತಿರುವುದಿಲ್ಲ, ಗೊತ್ತಿದ್ದರೆ ಮಗುವಿನ ವಿಷಯ ಬೀದಿಗೆಲ್ಲ ತಿಳಿದಂತೆ. ನಮಗೆ ಕಾರ್ಡೇ ಮೇಲು ಅನ್ನಿಸುತ್ತದೆ.

ಪಥ್ಯವಿರುವ ಮಗುವಾದರೆ ಅದು ತಿನ್ನುವ ತಿನಿಸು ಅಥವಾ ಪುಟ್ಟ ಆಟಿಕೆ ಕಾರನ್ನು ಮೊದಲೇ ನೀವು ಹೋಗಲಿರುವ ಮನೆಗಳಿಗೆ ತಲುಪಿಸಿಡಿ. ಮೆಟ್ಟಿಲ ಮೇಲೆ ಹಸಿರು ಮಿಶ್ರಿತ ನೀಲಿ ಬಣ್ಣದ ಕುಂಬಳಕಾಯಿ ಇದ್ದರೆ ಅಲ್ಲಿ ತಿನಿಸಲ್ಲದ ಉಡುಗೊರೆಯೂ ಸಿಗುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಗಟ್ಟಿ ಗುಂಡು ಕ್ಯಾಂಡಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಎಲ್ಲವನ್ನೂ ಬಾಯಿಗಿಡುವ ಮಗುವಿನ ಕೈಗೆ ಹೊಳೆಯುವ ಗ್ಲೋ ಸ್ಟಿಕ್ ಕೂಡ ಬೇಡ.

ಆ ದಿನ ಬೇಗ ಊಟ ಮಾಡಿಸಿ, ಬೆಳಕಿರುವಾಗಲೇ ಹೊರಡಿ. ಅಮೆರಿಕದಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸುವುದು ನವೆಂಬರಿನ ಮೊದಲ ಭಾನುವಾರವಾದ್ದರಿಂದ ಸಂಜೆ ಐದಕ್ಕೆ ಇನ್ನೂ ಬೆಳಕಿರುತ್ತದೆ. ಮೂರರಿಂದ ಐದು ಮನೆ ಸಾಕು. ಹಿಂದಿನ ದಿನವೇ ಆ ದಾರಿಯಲ್ಲಿ ನಡೆದು ನೋಡಿ: ಹತ್ತಿರ ಹೋದೊಡನೆ ಕಿರುಚುವ ಗೊಂಬೆ, ಪಟಪಟ ಮಿನುಗುವ ದೀಪ ಇರುವ ಮನೆಗಳನ್ನು ಪಟ್ಟಿಯಿಂದ ತೆಗೆಯಿರಿ. ಆಟಿಸಂ ಜೊತೆ ಅಪಸ್ಮಾರವೂ ಇರುವ ಮಕ್ಕಳಿದ್ದಾರೆ. ಆ ದೀಪ ಕೆಲವರಿಗೆ ಅಪಾಯವೇ. ಸದ್ದು ತಡೆಯುವ ಹೆಡ್‌ಫೋನನ್ನು ಗಲಾಟೆ ಶುರುವಾಗುವ ಮೊದಲೇ ಹಾಕಿ. ತಪ್ಪಿಸಿಕೊಂಡು ಓಡುವ ಮಗುವಿಗೆ ಒಬ್ಬ ದೊಡ್ಡವರು ಪೂರ್ತಿ ಮೀಸಲು, ಬಟ್ಟೆಯೊಳಗೆ ಫೋನ್ ನಂಬರಿನ ಚೀಟಿ, ಬೆನ್ನಿಗೆ ಬೆಳಕು ಹೊಳೆಸುವ ಟೇಪ್.

ಕೊನೆಯ ಬಾಗಿಲು ನಿಮ್ಮ ಮನೆಯದ್ದೇ ಆಗಿರಲಿ. ಒಳಗಿನಿಂದ ಒಬ್ಬರು ಬಾಗಿಲು ತೆರೆದು ಮಗುವಿಗೆ ಪ್ರಿಯವಾದದ್ದನ್ನೇ ಬಕೆಟ್ಟಿಗೆ ಹಾಕಲಿ. ಚೆನ್ನಾಗಿ ನಡೆಯುತ್ತಿದೆಯಲ್ಲ, ಇನ್ನೊಂದು ಮನೆ ನೋಡೋಣ ಎಂಬ ಆಸೆ ಬರುವುದೇ ತೊಂದರೆಗೆ ಐದು ನಿಮಿಷ ಮುಂಚೆ. ಆಮೇಲೆ ಕರೆಗಂಟೆ ಆಫ್ ಮಾಡಿ, ಬೇರೆ ಮಕ್ಕಳಿಗಾಗಿ ಕ್ಯಾಂಡಿ ಬೋಗುಣಿಯನ್ನು ಹೊರಗಿಡಿ.

ನವೆಂಬರ್ 1ರ ಬೆಳಿಗ್ಗೆ ಮಗುವಿನ ಜೊತೆಯಲ್ಲೇ ಕ್ಯಾಲೆಂಡರಿನಲ್ಲಿ ಹ್ಯಾಲೋವೀನ್‌ಗೆ ಅಡ್ಡಗೆರೆ ಎಳೆದು, ಬಕೆಟ್ಟನ್ನು ಕಣ್ಣಿಗೆ ಬೀಳದ ಕಡೆ ಇಡಿ. ಮುಂಬಾಗಿಲ ಮೇಲಿನ ಚಿಲಕ ಕೆಲವು ದಿನ ಹಾಕಿಯೇ ಇರಲಿ: ಬೀದಿಯಲ್ಲಿ ಕುಂಬಳಕಾಯಿಗಳು ಇನ್ನೂ ಕಾಣುತ್ತಿರುವವರೆಗೆ ಒಬ್ಬನೇ ಪಕ್ಕದ ಮನೆ ಬಾಗಿಲು ತಟ್ಟಲು ಹೊರಡುವ ಮಕ್ಕಳಿದ್ದಾರೆ.