ನಾಯಿ ತರಬೇತಿ: ಮೊದಲ ಪಾಠ ಮನೆಯವರಿಗೆ

ಮನೆಗೇ ಹೋಗಿ ನಾಯಿ ತರಬೇತಿ ಕೊಡುವುದು ನನ್ನ ಕಸುಬು. ಮೊದಲ ಭೇಟಿಯ ಬಹುಪಾಲು ಹೊತ್ತು ನಾನು ನಾಯಿಯನ್ನು ಮುಟ್ಟುವುದೇ ಇಲ್ಲ. ಕುರ್ಚಿಯಲ್ಲಿ ಕೂತು ಮನೆಯವರನ್ನು ಕೇಳುತ್ತಾ ಹೋಗುತ್ತೇನೆ: ಊಟ ಹಾಕುವವರು ಯಾರು, ದಿನಕ್ಕೆ ಎಷ್ಟು ಸಲ, ಎಲ್ಲಿ ಮಲಗುತ್ತದೆ, ವಾಕಿಂಗ್‌ಗೆ ಯಾರು ಕರೆದೊಯ್ಯುತ್ತಾರೆ, ಯಾರನ್ನಾದರೂ ಕಚ್ಚಿದೆಯೇ, ಕಚ್ಚಿದ್ದರೆ ಚರ್ಮ ಹರಿದಿತ್ತೇ, ರೇಬೀಸ್ ಚುಚ್ಚುಮದ್ದು ಯಾವಾಗ ಆಯಿತು. ಮೊನ್ನೆಮೊನ್ನೆವರೆಗೆ ಸುಮ್ಮನಿದ್ದ ನಾಯಿ ಈಗ ಮುಟ್ಟಿದರೆ ಗುರ್ ಅನ್ನುತ್ತದೆ ಎಂದರೆ ಪಾಠ ಶುರು ಮಾಡುವುದಿಲ್ಲ, ಪಶುವೈದ್ಯರ ಹತ್ತಿರ ಕಳಿಸುತ್ತೇನೆ. ಕಿವಿಯ ಸೋಂಕು, ಹಲ್ಲುನೋವು, ಸೊಂಟದ ಕೀಲುನೋವು ಇವೆಲ್ಲ ಹೊರಗಿನಿಂದ ನೋಡಿದರೆ ‘ಮೊಂಡುತನ’ದ ಹಾಗೇ ಕಾಣುತ್ತವೆ. ಸೊಂಟ ನೋಯುತ್ತಿರುವ ಲ್ಯಾಬ್ರಡಾರ್‌ಗೆ ಪದೇಪದೇ ‘ಸಿಟ್’ ಹೇಳುವುದು ಹಿಂಸೆ.

ನಾಯಿ ನನ್ನ ಮಾತು ಕೇಳುವಂತೆ ಮಾಡುವುದು ದೊಡ್ಡ ಕೆಲಸವಲ್ಲ. ಜೇಬಿನಲ್ಲಿ ಕೋಳಿ ಚೂರು ಇಟ್ಟುಕೊಂಡು ಸರಿಯಾದ ಕ್ಷಣಕ್ಕೆ ಕೊಡಬಲ್ಲ ಯಾರ ಮಾತನ್ನಾದರೂ ಅದು ಹತ್ತು ನಿಮಿಷದಲ್ಲಿ ಕೇಳಲು ಶುರು ಮಾಡುತ್ತದೆ. ನಾನು ಹೊರಟ ಮೇಲೆ ಅಜ್ಜಿ ಹೇಳಿದರೂ, ಶಾಲೆಗೆ ಹೋಗುವ ಮಗು ಹೇಳಿದರೂ ಅದು ಅಷ್ಟೇ ಚೆನ್ನಾಗಿ ಕೇಳಬೇಕು. ಮನೆಯವರು ದುಡ್ಡು ಕೊಡುವುದು ಅದಕ್ಕೆ.

ಹಾಗಾಗಿ ಮೊದಲ ದಿನದ ಕೆಲಸ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸುವುದು. ಅದರಲ್ಲಿ ಏಳೆಂಟು ಪದ, ಪ್ರತಿಯೊಂದಕ್ಕೂ ಒಂದೇ ಅರ್ಥ. ಸಾಮಾನ್ಯವಾಗಿ ಅಪ್ಪ ‘ಸಿಟ್’ ಅನ್ನುತ್ತಾರೆ, ಅಮ್ಮ ‘ಕೂತ್ಕೋ’, ಮಕ್ಕಳು ‘ಸಿಟ್ ಡೌನ್’. ಅದೇ ಮನೆಯಲ್ಲಿ ‘ಡೌನ್’ ಎಂದರೆ ಮಲಗು, ಸೋಫಾದಿಂದ ಇಳಿ, ಮೈಮೇಲೆ ಹಾರಬೇಡ, ಮೂರೂ ಹೌದು. ಭಾಷೆ ಯಾವುದಾದರೂ ಆಗಲಿ, ಎಲ್ಲರದೂ ಒಂದೇ ಪದವಾಗಿರಬೇಕು. ದೂರದಿಂದ ಕರೆಯಲು ‘ಬಾ’ ಮಾತ್ರ ಬೇಡ ಅನ್ನುತ್ತೇನೆ. ಊಟಕ್ಕೆ ಬಾ, ಒಳಗೆ ಬಾ, ಬೇಗ ಬಾ ಎಂದು ಮನೆಯಲ್ಲಿ ದಿನವಿಡೀ ಓಡಾಡುವ ಪದ ಅದು. ನಾಯಿಯ ಪಾಲಿಗೆ ಫ್ಯಾನಿನ ಸದ್ದಿದ್ದಂತೆ.

ತಿನಿಸಿನ ವಿಷಯದಲ್ಲಿ ಎಡವುವುದು ಗಾತ್ರದಲ್ಲಿ. ಇಡೀ ಬಿಸ್ಕತ್ತು ಕೊಟ್ಟರೆ ಅಗಿದು, ಬಿದ್ದ ಪುಡಿ ನೆಕ್ಕಿ ಮುಗಿಸುವಷ್ಟರಲ್ಲಿ ಪಾಠದ ಲಯವೇ ಕೆಡುತ್ತದೆ. ಬಟಾಣಿ ಕಾಳಿನಷ್ಟು ಸಾಕು, ಒಂದೇ ಗುಟುಕಿಗೆ ಇಳಿಯಬೇಕು. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ ಎಲ್ಲಕ್ಕಿಂತ ಅನುಕೂಲ. ಮಾಂಸ ತರದ ಮನೆಗಳಲ್ಲಿ ಪನೀರ್, ಬೇಯಿಸಿದ ಸಿಹಿಗೆಣಸು ನಡೆಯುತ್ತದೆ. ಮನೆಯೊಳಗಿನ ಪಾಠಕ್ಕೆ ಅದರ ದಿನದ ಒಣ ಆಹಾರದ ಕಾಳೇ ಸಾಕು, ಕಾರಿಡಾರ್‌ನಲ್ಲಿ ಪನೀರ್, ರಸ್ತೆಗೆ ಕೋಳಿ. ಗಲಾಟೆ ಹೆಚ್ಚಿದಷ್ಟೂ ಕೂಲಿ ಹೆಚ್ಚಬೇಕು. ಇಂಥ ತಿನಿಸು ದಿನದ ಆಹಾರದ ಹತ್ತರಲ್ಲೊಂದು ಪಾಲು ಮೀರಬಾರದು, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಬೇಕು. ಕೇಸರಿಬಾತು, ಪಾಯಸದಲ್ಲಿ ಸಿಗುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು, ಈರುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಉಪ್ಪಿಟ್ಟು ಬಹುಮಾನವಾಗಿ ಬೇಡ.

ಮುಂದಿನದು ಗುರುತಿನ ಸದ್ದು, ಅಂದರೆ ‘ಈಗ ಮಾಡಿದ್ದು ಸರಿ, ತಿನಿಸು ಬರುತ್ತದೆ’ ಎಂದು ನಾಯಿಗೆ ತಿಳಿಸುವ ಸದ್ದು. ಒತ್ತಿದರೆ ಟಕ್ ಅನ್ನುವ ಕ್ಲಿಕ್ಕರ್ ಆಗಬಹುದು, ಬಾಯಲ್ಲಿ ಹೇಳುವ ಚಿಕ್ಕ ‘ಎಸ್’ (yes) ಆಗಬಹುದು. ಕುಟುಂಬಕ್ಕೆ ನಾನು ‘ಎಸ್’ ಕೊಡುತ್ತೇನೆ, ಕ್ಲಿಕ್ಕರ್ ಯಾವಾಗಲೂ ಬೇಕಾದಾಗ ಸಿಗುವುದಿಲ್ಲ. ಸದ್ದು ಮಾಡು, ಒಂದು ಸೆಕೆಂಡಿನೊಳಗೆ ತಿನಿಸು ಕೊಡು. ಹೀಗೆ ಹತ್ತು ಹದಿನೈದು ಸಲ ಮಾಡಿದರೆ ಸದ್ದು ಕೇಳಿದೊಡನೆ ನಾಯಿಯ ತಲೆ ತಿರುಗುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ್ದು ಇದನ್ನೇ. ಇಲ್ಲಿ ಎಲ್ಲರ ಕೈಯಲ್ಲೂ ಆಗುವ ಎಡವಟ್ಟು ಒಂದೇ: ಬಾಯಿಗಿಂತ ಮೊದಲು ಕೈ ಜೇಬಿಗೆ ಹೋಗುತ್ತದೆ. ಆಗ ನಾಯಿ ಕೈ ನೋಡುವುದನ್ನು ಕಲಿಯುತ್ತದೆ, ಕೈ ಖಾಲಿ ಇದ್ದ ದಿನ ‘ಯಾರು ನೀನು’ ಅನ್ನುವ ಹಾಗೆ ನೋಡುತ್ತದೆ. ಕೈ ಪಕ್ಕದಲ್ಲಿ ಇಳಿಬಿಟ್ಟಿರಲಿ. ಮೊದಲು ‘ಎಸ್’, ಆಮೇಲೆ ಕೈ.

ಕೂರಿಸುವುದು ಸುಲಭ. ತಿನಿಸು ಹಿಡಿದ ಕೈಯನ್ನು ಮೂಗಿನ ಬಳಿಯಿಂದ ತಲೆಯ ಮೇಲಕ್ಕೆ, ಹಿಂದಕ್ಕೆ ಒಯ್ದರೆ ಹಿಂಭಾಗ ತಾನೇ ಕೆಳಗಿಳಿಯುತ್ತದೆ. ನಾಲ್ಕೈದು ಸಲದ ನಂತರ ಖಾಲಿ ಕೈಯಲ್ಲಿ ಅದೇ ಸನ್ನೆ. ಸನ್ನೆಗೆ ತಪ್ಪದೆ ಕೂತಮೇಲೆ ಪದ ಸೇರಿಸಬೇಕು, ಅದೂ ಒಂದೇ ಸಲ. ಐದು ಸಲ ಹೇಳಿಸಿಕೊಂಡ ನಾಯಿಗೆ ಐದನೆಯದೇ ಅಪ್ಪಣೆ. ಸೊಂಟ ಒತ್ತಿ ಕೂರಿಸಬೇಡಿ, ಒತ್ತಿದರೆ ಅದು ಎದುರು ಒತ್ತುತ್ತದೆ. ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ಸಲ, ಊಟಕ್ಕೆ ಮೊದಲು.

ಮುಂದಿನ ಎಲ್ಲ ಪಾಠಕ್ಕೂ ಒಂದೇ ಲೆಕ್ಕ. ಹತ್ತರಲ್ಲಿ ಎಂಟು ಸಲ ಸರಿ ಬಂದರೆ ಕಷ್ಟ ಹೆಚ್ಚಿಸಿ. ಐದಕ್ಕಿಂತ ಕಡಿಮೆಯಾದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಕಷ್ಟ ಮೂರು ಬಗೆಯದು: ಎಷ್ಟು ಹೊತ್ತು, ಎಷ್ಟು ದೂರ, ಸುತ್ತ ಎಷ್ಟು ಗಲಾಟೆ. ಒಂದನ್ನು ಏರಿಸುವಾಗ ಉಳಿದೆರಡನ್ನು ಇಳಿಸಬೇಕು. ‘ಮನೆಯಲ್ಲಿ ಎಲ್ಲ ಮಾಡುತ್ತೆ, ಹೊರಗೆ ಬಂದರೆ ಒಂದೂ ಕೇಳಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಮೂರನ್ನೂ ಒಟ್ಟಿಗೆ ಏರಿಸಿದ ಆತುರವೇ ಇರುತ್ತದೆ.

ಕುಟುಂಬಕ್ಕೆ ನಿಜವಾದ ನೆಮ್ಮದಿ ಕೊಡುವುದು ಚಾಪೆಯ ಪಾಠ: ನಾಯಿ ತನ್ನ ಹಾಸಿಗೆ ಹೋಗಿ, ಬಿಡುವವರೆಗೆ ಅಲ್ಲೇ ಇರುವುದು. ಉಳಿದೆಲ್ಲವನ್ನೂ ಬಿಟ್ಟು ಒಂದೇ ಕಲಿಸು ಎಂದರೆ ಇದನ್ನೇ ಕಲಿಸುತ್ತೇನೆ. ಜಾರದ ದಪ್ಪ ಹತ್ತಿಯ ಜಮಖಾನ ಬೇಕು, ಪ್ಲಾಸ್ಟಿಕ್ ಚಾಪೆ ಟೈಲ್ಸ್ ಮೇಲೆ ಜಾರಿ ನಾಯಿಯನ್ನು ಹೆದರಿಸುತ್ತದೆ. ಬಾಗಿಲು ಕಾಣುವ, ಆದರೆ ಎರಡು ಮೂರು ಮೀಟರ್ ದೂರದ ಜಾಗದಲ್ಲಿ ಹಾಸಿ. ಮೊದಲು ತಿನಿಸನ್ನು ಅದರ ಮೇಲೆ ಎಸೆಯಿರಿ. ನಾಲ್ಕೂ ಕಾಲು ಅದರ ಮೇಲೆ ಬಂದಾಗ ‘ಎಸ್’, ಇನ್ನೊಂದು ಚೂರು ಕೈಗಲ್ಲ, ಜಮಖಾನದ ಮೇಲೆಯೇ. ಮಲಗಿದರೆ ಒಂದರ ಹಿಂದೆ ಒಂದರಂತೆ ಮೂರು ನಾಲ್ಕು ಚೂರು. ಆಮೇಲೆ ಬಿಡುಗಡೆಯ ಪದ. ನಾನು ‘ಸಾಕು’ ಬಳಸುತ್ತೇನೆ. ಈ ಪದವಿಲ್ಲದಿದ್ದರೆ ಎಷ್ಟು ಹೊತ್ತು ಇರಬೇಕೆಂದು ನಾಯಿ ತಾನೇ ತೀರ್ಮಾನಿಸುತ್ತದೆ.

ಹೊತ್ತನ್ನು ಏಣಿಯಂತೆ ಏರಿಸಬೇಡಿ. ಎರಡು ಸೆಕೆಂಡ್, ಐದು, ಮೂರು, ಎಂಟು, ಎರಡು, ಹದಿನೈದು, ಹೀಗೆ ಏರುಪೇರಾಗಿರಲಿ. ಸತತ ಏರುತ್ತಲೇ ಹೋದರೆ ಮುಂದಿನದು ಇನ್ನೂ ಕಷ್ಟ ಎಂದು ಅರಿತು ಎದ್ದು ಹೋಗುತ್ತದೆ. ಬಹುಮಾನ ಕೊಡಲು ನೀವೇ ಜಮಖಾನಕ್ಕೆ ವಾಪಸ್ ಬರಬೇಕು. ದೂರದಿಂದ ಕರೆದು ಕೊಟ್ಟರೆ ಅದರ ಮನಸ್ಸು ಏಳುವುದರ ಮೇಲೇ ಇರುತ್ತದೆ.

ಜಮಖಾನದ ಮೇಲೆ ಒಂದು ನಿಮಿಷ ಉಳಿಯುವಂತಾದ ಮೇಲೆ ಬಾಗಿಲ ಪಾಠ. ಕಾಲಿಂಗ್ ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅತಿ ಕಡಿಮೆ ಧ್ವನಿಯಲ್ಲಿ ಹಾಕಿ, ಸದ್ದಾದ ಕೂಡಲೇ ಜಮಖಾನದ ಮೇಲೆ ತಿನಿಸು. ಕೆಲವು ದಿನಗಳಲ್ಲಿ ಬೆಲ್ಲೇ ‘ಚಾಪೆಗೆ ಹೋಗು’ ಎಂಬ ಅಪ್ಪಣೆಯಾಗುತ್ತದೆ. ನಂತರ ಧ್ವನಿ ಏರಿಸಿ, ಆಮೇಲೆ ನಿಜವಾದ ಬೆಲ್, ಆಮೇಲೆ ಬಾಗಿಲು ಅರ್ಧ ತೆರೆಯುವುದು, ಕೊನೆಗೆ ಪರಿಚಯದವರೊಬ್ಬರು ಪಾರ್ಸೆಲ್ ಹಿಡಿದು ನಿಲ್ಲುವುದು. ಇದಕ್ಕೆ ಇಬ್ಬರು ಬೇಕು, ಒಬ್ಬರು ಬಾಗಿಲಿಗೆ, ಇನ್ನೊಬ್ಬರು ನಾಯಿಯ ಬಳಿ. ಪಾಠ ಗಟ್ಟಿಯಾಗುವವರೆಗೆ ನಿಜವಾದ ಡೆಲಿವರಿ ಹುಡುಗರು ಬಂದಾಗ ಲೀಶ್ (ನಾಯಿ ಹಿಡಿಯುವ ಹಗ್ಗ) ಹಾಕಿ ಕಟ್ಟಿ ಅಥವಾ ಬೇರೆ ಕೋಣೆಯಲ್ಲಿಡಿ. ‘ಏನೂ ಮಾಡಲ್ಲ, ಬನ್ನಿ ಬನ್ನಿ’ ಎಂಬುದು ನಾಯಿ ಸಾಕಿದವರ ಅತಿ ಬೇಜವಾಬ್ದಾರಿಯ ಮಾತು ಎಂದು ನನ್ನ ಅಭಿಪ್ರಾಯ. ಏನು ಮಾಡುತ್ತದೆಂದು ಬಂದವರಿಗೆ ಗೊತ್ತಿಲ್ಲವಲ್ಲ.

ಮೈಮೇಲೆ ಹಾರುವ ನಾಯಿಗೆ ಬೆನ್ನು ತಿರುಗಿಸಿ ನಿಲ್ಲಿ, ನಾಲ್ಕೂ ಕಾಲು ನೆಲ ಮುಟ್ಟಿದೊಡನೆ ಮಾತಾಡಿಸಿ. ಬಯ್ಯುವುದು, ತಳ್ಳುವುದು ಎರಡೂ ಅದಕ್ಕೆ ಗಮನವೇ. ಮೊದಲ ಕೆಲವು ದಿನ ಹಾರುವುದು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಇಷ್ಟು ದಿನ ನಡೆಯುತ್ತಿದ್ದದ್ದು ಈಗ ಯಾಕೆ ನಡೆಯುತ್ತಿಲ್ಲ ಎಂದು ಜೋರು ಮಾಡಿ ನೋಡುತ್ತದೆ. ಸರಿಯಾಗಿ ಆ ಹಂತದಲ್ಲಿ ಯಾರೋ ಒಬ್ಬರು ‘ಅಯ್ಯೋ ಪಾಪ’ ಎಂದು ಮುದ್ದು ಮಾಡಿದರೆ ಇನ್ನೂ ಜೋರಾಗಿ ಹಾರಬೇಕೆಂಬ ಪಾಠ ಕಲಿಸಿದಂತಾಯಿತು.

ಊಟದ ಮೇಜಿನ ಕೆಳಗೆ ಅಜ್ಜಿ ಕೊಡುವ ಚಪಾತಿಯದೂ ಇದೇ ಕಥೆ. ಐದು ದಿನಕ್ಕೊಮ್ಮೆ ಮಾತ್ರ ಕೊಟ್ಟರೆ ಚಾಳಿ ಬಿಟ್ಟುಹೋಗುವುದಿಲ್ಲ, ದಿನಾ ಕೊಟ್ಟದ್ದಕ್ಕಿಂತ ಗಟ್ಟಿಯಾಗುತ್ತದೆ. ಲಾಟರಿ ಆಡುವವರು ಬಿಡುವುದಿಲ್ಲವಲ್ಲ, ಹಾಗೆ. ಆದರೆ ‘ಅಜ್ಜಿ, ಕೊಡಬೇಡಿ’ ಎಂದರೆ ಯಾವ ಮನೆಯಲ್ಲೂ ನಡೆಯದು. ಚಪಾತಿ ಚೂರು ಅವರೇ ಕೊಡಲಿ, ಎಲ್ಲರ ಊಟ ಮುಗಿದ ಮೇಲೆ, ಜಮಖಾನದ ಮೇಲಿಟ್ಟ ನಾಯಿಯ ಬಟ್ಟಲಿಗೆ. ವಾರದೊಳಗೆ ನಾಯಿ ಮೇಜು ಬಿಟ್ಟು ಬಟ್ಟಲ ಹತ್ತಿರ ಕಾಯತೊಡಗುತ್ತದೆ. ಮನೆಯಲ್ಲಿ ಅದು ಮೊದಲು ಮಾತು ಕೇಳುವುದೂ ಅಜ್ಜಿಯದೇ ಆಗುತ್ತದೆ.

ಬೀದಿಗೆ ಬಂದರೆ ಎಳೆದಾಟ. ಕಬ್ಬಿಣದ ಚೈನ್ ಬೇಡ, ಕತ್ತು ಬಿಗಿಯುವ ಚೋಕ್ ಚೈನ್ ಅಂತೂ ಬೇಡವೇ ಬೇಡ. ಜಗ್ಗಿದರೆ ಶ್ವಾಸನಾಳಕ್ಕೆ ಪೆಟ್ಟು, ಪಗ್‌ನಂಥ ನಾಯಿಗಳಿಗೆ ಕಣ್ಣಿನ ಒತ್ತಡವೂ ಏರುತ್ತದೆ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಎದೆ, ಬೆನ್ನು ಸುತ್ತುವ ಪಟ್ಟಿ), ಆರು ಅಡಿಯ ಬಟ್ಟೆ ಅಥವಾ ನೈಲಾನ್ ಲೀಶ್ ಸಾಕು. ಬೆಲ್ಟ್ ಮತ್ತು ಕತ್ತಿನ ನಡುವೆ ಎರಡು ಬೆರಳು ಹೋಗಬೇಕು. ಎಳೆದಷ್ಟೂ ಉದ್ದವಾಗುವ ಸುರುಳಿ ಲೀಶ್ ನಾಯಿಗೆ ಕಲಿಸುವುದೇ ಎಳೆ ಎಂದು. ಎಡಗಡೆ ನಡೆಸುವುದಾದರೆ ಪ್ಯಾಂಟಿನ ಎಡ ಹೊಲಿಗೆಯ ಪಕ್ಕದಲ್ಲೇ ತಿನಿಸು ಕೊಡಿ. ಎಲ್ಲಿ ಕೊಡುತ್ತೀರೋ ನಾಯಿ ಅಲ್ಲಿರುತ್ತದೆ. ಶುರುವಿಗೆ ಎರಡು ಹೆಜ್ಜೆಗೊಂದು, ಆಮೇಲೆ ಐದು, ಹತ್ತು. ಲೀಶ್ ಬಿಗಿಯಾದರೆ ನಿಂತುಬಿಡಿ, ಸಡಿಲವಾದಾಗ ಹೊರಡಿ. ಆ ವಾರ ನೂರು ಮೀಟರ್‌ಗೆ ಕಾಲು ಗಂಟೆ ಹಿಡಿದರೂ ಹಿಡಿಯಲಿ. ಆಫೀಸಿಗೆ ಹೊತ್ತಾಯಿತೆಂದು ಒಂದು ದಿನ ಎಳೆಸಿಕೊಂಡು ಹೋದರೆ ಅದೂ ಲಾಟರಿ ಹೊಡೆದಂತೆ. ಬೇಸಿಗೆಯಲ್ಲಿ ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ಆ ಹೊತ್ತಿಗೆ ವಾಕಿಂಗ್ ಇಲ್ಲ.

ಬೀದಿನಾಯಿಗಳನ್ನು ಕಂಡು ಬೊಗಳುವ ನಾಯಿಗೆ ಮೊದಲು ದೂರ ಅಳೆಯುತ್ತೇನೆ. ಎಷ್ಟು ದೂರದಲ್ಲಿ ಅದು ಆ ನಾಯಿಯನ್ನು ನೋಡಿಯೂ ನನ್ನ ಕೈಯ ಚೂರು ತಿನ್ನುತ್ತದೋ ಅಷ್ಟು ದೂರದಿಂದ ಪಾಠ. ನೋಡಿತು, ‘ಎಸ್’, ಚೂರು. ಕೋಳಿಯನ್ನೇ ತಿನ್ನಲೊಲ್ಲದು ಎಂದರೆ ತೀರಾ ಹತ್ತಿರ ಬಂದಿದ್ದೇವೆ, ಹಿಂದೆ ಸರಿಯಬೇಕು. ಇಕ್ಕಟ್ಟಿನ ಬೀದಿಗಳಲ್ಲಿ ಇದಕ್ಕೆ ನಿಲ್ಲಿಸಿದ ಕಾರುಗಳ ಮರೆ ಬಹಳ ಉಪಕಾರಿ.

ಕರೆದಾಗ ಬರುವುದು ಜೀವ ಉಳಿಸುವ ಪಾಠ. ಇಬ್ಬರು ಕಾರಿಡಾರ್‌ನ ಎರಡು ತುದಿಯಲ್ಲಿ ನಿಂತು ಸರದಿಯಲ್ಲಿ ಕರೆಯುವುದರಿಂದ ಶುರು. ಬಂದಾಗ ಒಂದು ದೊಡ್ಡ ತುಂಡಿನ ಬದಲು ಐದು ಸಣ್ಣ ಚೂರು ಒಂದೊಂದಾಗಿ, ಪ್ರತಿ ಸಲ ಕೊಡುವ ಮುಂಚೆ ಬೆಲ್ಟ್ ಮುಟ್ಟಿ. ಇಲ್ಲದಿದ್ದರೆ ಹತ್ತಿರ ಬಂದು, ಕೈ ಚಾಚಿದೊಡನೆ ತಪ್ಪಿಸಿಕೊಳ್ಳುವ ಆಟ ಶುರುವಾಗುತ್ತದೆ. ನಂತರ ಬಯಲಿನಲ್ಲಿ ಹತ್ತು ಮೀಟರ್ ಹಗ್ಗ, ಅದನ್ನು ಹಾರ್ನೆಸ್‌ಗೇ ಕಟ್ಟಬೇಕು, ಕತ್ತಿಗಲ್ಲ. ಕರೆದು ಸ್ನಾನ ಮಾಡಿಸುವುದು, ಕರೆದು ಬಯ್ಯುವುದು, ಕರೆದು ಕೂಡಲೇ ಮನೆಗೆ ಹೊರಡುವುದು, ಈ ಮೂರರಿಂದ ಕರೆ ಕೆಡುತ್ತದೆ. ಕರೆದಾಗ ಬಂದ ನಾಯಿಯನ್ನು ಹತ್ತರಲ್ಲಿ ಒಂಬತ್ತು ಸಲ ಮತ್ತೆ ಆಡಲು ಬಿಡಬೇಕು. ಪದ ಕೆಟ್ಟಿದ್ದರೆ ರಿಪೇರಿಗೆ ಹೋಗದೆ ಹೊಸ ಪದ ಆರಿಸಿ. ತಳಿಯನ್ನೂ ನೋಡಬೇಕು. ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗಲೆಂದೇ ಬೆಳೆದುಬಂದದ್ದು. ಮೊಲವೋ ಸ್ಕೂಟರೋ ಓಡುವುದು ಕಂಡ ಮೇಲೆ ನಿಮ್ಮ ಕೋಳಿ ಚೂರಿಗೆ ಬೆಲೆ ಇಲ್ಲ. ಬೇಲಿ ಇಲ್ಲದ ಕಡೆ ಅದನ್ನು ಬಿಡಬೇಡಿ ಎಂದೇ ಹೇಳುತ್ತೇನೆ.

ಹೊಡೆತದ ಮಾತು ಎಲ್ಲ ಮನೆಯಲ್ಲೂ ಬರುತ್ತದೆ, ‘ನಾವೇ ಯಜಮಾನರು ಅಂತ ತೋರಿಸಬೇಕಲ್ಲವಾ’ ಎಂದು. ಈ ಕಲ್ಪನೆ ಬಂದದ್ದು ಸೆರೆಯಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳನ್ನು ನೋಡಿ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳ ಸಂಶೋಧಕ ಡೇವಿಡ್ ಮೆಚ್ 1999ರಲ್ಲಿ ತಾವೇ ತಿದ್ದಿದರು: ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರ. ನಾಯಿ ಗುರ್ ಎಂದಾಗ ಹೊಡೆದರೆ ಆಗುವ ನಷ್ಟ ದೊಡ್ಡದು. ಗುರ್ ಅನ್ನುವುದು ನಿಲ್ಲುತ್ತದೆ, ಭಯ ಉಳಿಯುತ್ತದೆ, ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸುವುದು, ಮೈ ಸೆಟೆಯುವುದು, ಹೆದರಿಕೆಯ ಈ ಗುರುತುಗಳನ್ನು ಮಕ್ಕಳಿಗೂ ಕಲಿಸಿ. ತಿನ್ನುವಾಗ, ಮಲಗಿದ್ದಾಗ ಮುಟ್ಟಬಾರದು, ಬಾಯಲ್ಲಿರುವುದನ್ನು ಕಸಿಯಬಾರದು, ಅದಕ್ಕಿಂತ ರುಚಿಯಾದದ್ದನ್ನು ಕೊಟ್ಟು ಬದಲಾಯಿಸಿಕೊಳ್ಳಬೇಕು. ಹಲ್ಲು ತಾಗಿ ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ಸಾಕಿದ ನಾಯಿಯಾದರೂ.

ತರಬೇತುದಾರರನ್ನು ಆರಿಸುವಾಗ ಪದಕ, ಫೋಟೋ ನೋಡಬೇಡಿ, ಒಂದು ಪಾಠ ನೋಡಲು ಬಿಡುತ್ತಾರಾ ಕೇಳಿ. ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ಜಗ್ಗುವುದು, ಶಾಕ್ ಬೆಲ್ಟ್ ಎಂದಿದ್ದರೆ ಎದ್ದು ಬನ್ನಿ. ತಿಂಗಳುಗಟ್ಟಲೆ ಅಲ್ಲೇ ಬಿಟ್ಟು ಕಲಿಸುವ ಕೇಂದ್ರಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅಲ್ಲಿನ ಅಂಗಳದಲ್ಲಿ ಕಲಿತದ್ದು ನಿಮ್ಮ ಮನೆಯ ಹಾಲ್‌ನಲ್ಲಿ ತಾನಾಗಿ ಬರುವುದಿಲ್ಲ. ಅನಿವಾರ್ಯವಾದರೆ ವಾಪಸ್ ಬಂದ ಮೇಲೆ ಮನೆಯವರೆಲ್ಲರ ಜೊತೆ ಎಷ್ಟು ಪಾಠ ಮಾಡುತ್ತಾರೆ ಎಂದು ಮುಂಚೆಯೇ ಬರೆಸಿಕೊಳ್ಳಿ. ದಿನವಿಡೀ ಗೇಟಿಗೆ ಕಟ್ಟಿಟ್ಟ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ. ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಎಲ್ಲ ಕಲಿತ ಮರಿ ಆರೇಳು ತಿಂಗಳಿಗೆ ಬಂದಾಗ ಹೆಸರು ಕರೆದರೂ ತಿರುಗದಂತಾಗುತ್ತದೆ. ದುಡ್ಡು ದಂಡವಾಯಿತೆಂದು ಫೋನ್ ಬರುವುದು ಹೆಚ್ಚಾಗಿ ಆಗಲೇ. ಹರೆಯ ಅದು, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷದವರೆಗೂ ಎಳೆಯಬಹುದು. ಹತ್ತು ಮೀಟರ್ ಹಗ್ಗವನ್ನು ಮತ್ತೆ ಹೊರತೆಗೆಯಿರಿ, ಪಾಠವನ್ನು ರಸ್ತೆಯಿಂದ ಕಾರಿಡಾರ್‌ಗೆ ಇಳಿಸಿ, ಎರಡು ಹೆಜ್ಜೆಗೊಂದು ಚೂರಿನ ಲೆಕ್ಕಕ್ಕೆ ವಾಪಸ್ ಬನ್ನಿ. ಫ್ರಿಜ್ ಮೇಲಿನ ಹಾಳೆಯಲ್ಲಿ ಪದ ಮಾತ್ರ ಬದಲಾಯಿಸಬೇಡಿ.